ಹಳೆಯ ತೋಟದ ಕಲ್ಲುಗೋಡೆಗೆ ಸಿಮೆಂಟ್ ಮೆತ್ತುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಹಳೆಯ ಸರ್ಕಾರಿ ಉದ್ಯಾನಗಳ ಹೊಣೆ ಹೊತ್ತ ಅಧಿಕಾರಿಗಳು ಮತ್ತು ಅವುಗಳ ಕಾಮಗಾರಿಗೆ ಎಸ್ಟಿಮೇಟ್ ಬರೆಯುವ ಎಂಜಿನಿಯರುಗಳು

ವಿಷಯ: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಉದ್ಯಾನಗಳ ಕಲ್ಲುಗೋಡೆ, ತಡೆಗೋಡೆ, ಮೆಟ್ಟಿಲುಗಳ ದುರಸ್ತಿ ಕುರಿತು

ಮಾನ್ಯರೇ,

ನಮ್ಮ ಊರಿನ ಹಳೆಯ ಉದ್ಯಾನದಲ್ಲಿ ಮೇಲಿನ ಹಂತಕ್ಕೂ ಕೆಳಗಿನ ಹಂತಕ್ಕೂ ನಡುವೆ ಇದ್ದ ಕಲ್ಲುಗೋಡೆ ಹೋದ ಮಳೆಗಾಲದಲ್ಲಿ ಹೊಟ್ಟೆ ಬಿಟ್ಟಿತು. ಕೆಲವು ದಿನ ಹಾಗೇ ಉಬ್ಬಿಕೊಂಡು ನಿಂತಿತ್ತು. ಆಮೇಲೆ ಒಂದು ರಾತ್ರಿ ಅದರ ಒಂದು ಭಾಗ ಕುಸಿದು ಹೂವಿನ ಮಡಿಗಳ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಪೇಪರಿನಲ್ಲೂ ಬರಲಿಲ್ಲ. ಹಳೇ ಗೋಡೆ, ಮಳೆ ಜಾಸ್ತಿ ಆಯ್ತು, ಬಿತ್ತು ಅಂತ ಎಲ್ಲರೂ ಸುಮ್ಮನಾದರು.

ಗೋಡೆ ಹಳೆಯದು ಎನ್ನುವುದು ನಿಜವೇ. ನೂರಕ್ಕೂ ಹೆಚ್ಚು ಮಳೆಗಾಲ ಕಂಡ ಗೋಡೆ. ಅಷ್ಟೂ ಮಳೆಗೆ ಬೀಳದೆ ಇದ್ದದ್ದು ಈಗ ಯಾಕೆ ಬಿತ್ತು? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಲಿಕ್ಕೆಂದೇ ಈ ಪತ್ರ.

ಉದ್ಯಾನದ ಹೆಸರನ್ನಾಗಲಿ ಕೆಲಸ ಮಾಡಿಸಿದ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಒಬ್ಬರ ಕುತ್ತಿಗೆಪಟ್ಟಿ ಹಿಡಿದರೆ ಗೋಡೆ ಎದ್ದು ನಿಲ್ಲುವುದಿಲ್ಲ. ಇದೇ ಕೆಲಸ, ಇದೇ ರೀತಿ, ಬೇರೆ ಊರುಗಳ ಹಳೆಯ ತೋಟಗಳಲ್ಲೂ ಆಗಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಓದುತ್ತ ಓದುತ್ತ ಇದು ನಮ್ಮ ಉದ್ಯಾನದ್ದೇ ಕಥೆ ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ, ಹಾಗೆಂದೇ ತಿಳಿದುಕೊಳ್ಳಿ.

ನಾನು ಎಂಜಿನಿಯರ್ ಅಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಮಕ್ಕಳನ್ನು ಈ ಉದ್ಯಾನಕ್ಕೆ ಕರೆದುಕೊಂಡು ಹೋಗಿ ಗೋಡೆಯ ಎದುರಿಗೆ ಕೂರಿಸುತ್ತಿದ್ದೆ. ಹೂವು ಬಿಟ್ಟು ಗೋಡೆ ಯಾಕೆ ಸಾರ್ ಅಂತ ಮಕ್ಕಳು ಗೊಣಗುತ್ತಿದ್ದವು. ಕಲ್ಲುಗೋಡೆಯ ಚಿತ್ರ ಬರೆಯಲು ಕೂತರೆ ಗೊತ್ತಾಗುತ್ತದೆ, ಅದರಲ್ಲಿ ಒಂದು ಕಲ್ಲಿನ ಹಾಗೆ ಇನ್ನೊಂದು ಇಲ್ಲ. ದೊಡ್ಡ ಕಲ್ಲುಗಳ ನಡುವಿನ ಸಂದಿಗೆ ಬೆರಳಗಲದ ಚಕ್ಕೆ ತುರುಕಿರುತ್ತಾರೆ. ಮೂಲೆಗೆ ಉದ್ದ ಕಲ್ಲು, ಮೇಲೆ ಇಳಿಜಾರು ಕೊಟ್ಟ ಚಪ್ಪಡಿ. ಕೆಲವು ಕಲ್ಲಿನ ಅಂಚಿನಲ್ಲಿ ಸಾಲಾಗಿ ಅರ್ಧರ್ಧ ಗುಳಿ ಕಾಣುತ್ತದೆ. ಬಂಡೆ ಸೀಳಲು ಬೆಣೆ ಹೊಡೆದ ಗುರುತು ಅದು. ಇದನ್ನೆಲ್ಲ ವರ್ಷಾನುಗಟ್ಟಲೆ ನೋಡಿದ ಕಣ್ಣು ನನ್ನದು. ಅಷ್ಟೇ ನನ್ನ ಅರ್ಹತೆ.

ಆದದ್ದು ಹೀಗೆ. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಉದ್ಯಾನಕ್ಕೆ ಅಭಿವೃದ್ಧಿ ಕಾಮಗಾರಿ ಬಂತು. ಇಬ್ಬರು ಹುಡುಗರು ಗ್ರೈಂಡರ್ ಹಿಡಿದು ಸಂದುಗಳಲ್ಲಿದ್ದ ಹಳೆಯ ಗಾರೆಯನ್ನು ಕೊರೆದು ತೆಗೆದರು. ಬ್ಲೇಡು ಜಾರಿದ ಕಡೆಯೆಲ್ಲ ಕಲ್ಲಿನ ಅಂಚೂ ಹೋಯಿತು. ಕೈಯಿಂದ ಉಳಿ ಹೊಡೆದ ಒರಟು ಅಂಚಿನ ಮೇಲೆ ಈಗ ನೆಟ್ಟನೆಯ ಗೀರು. ಹಿಂದೆಯೇ ಇನ್ನಿಬ್ಬರು ಬಾಂಡ್ಲಿಯಲ್ಲಿ ಸಿಮೆಂಟ್ ಕಲಸಿಕೊಂಡು ಬಂದು ಸಂದು ತುಂಬಿದರು. ತುಂಬಿದ್ದು ಸಾಲದೆಂದು ಅದನ್ನು ಕಲ್ಲಿಗಿಂತ ಮುಂದಕ್ಕೆ ಉಬ್ಬಿಸಿ, ಕರಣೆಯಿಂದ ತೀಡಿ, ದಪ್ಪ ಗೆರೆ ಎಳೆದರು. ಕೊನೆಗೆ ಪೇಂಟ್ ಬಂತು. ಕಲ್ಲಿಗೆ ಕಂದು, ಗೆರೆಗೆ ಬಿಳಿ. ಕಲ್ಲುಗೋಡೆಯ ಮೇಲೆ ಕಲ್ಲುಗೋಡೆಯ ಚಿತ್ರ! ಎಂಟನೇ ಕ್ಲಾಸಿನ ಹುಡುಗ ಹೀಗೆ ಬರೆದುಕೊಂಡು ಬಂದಿದ್ದರೆ ಇನ್ನೊಂದು ಸಲ ಗೋಡೆ ನೋಡಿಕೊಂಡು ಬಾರಪ್ಪ ಅಂತ ವಾಪಸ್ ಕಳಿಸುತ್ತಿದ್ದೆ.

ಚೆಂದದ ಮಾತು ಬಿಡಿ. ಬಣ್ಣ ಹೇಗೋ ಮಾಸುತ್ತದೆ. ನಿಜವಾದ ಕೆಡುಕು ಆದದ್ದು ಗೋಡೆಯ ಬುಡದಲ್ಲಿ. ನೆಲದಿಂದ ಮೊಳದೆತ್ತರದಲ್ಲಿ, ಮಾರಿಗೊಂದರಂತೆ, ಚೌಕನೆಯ ತೂತುಗಳಿದ್ದವು. ಮಗುವಿನ ಕೈ ಹೋಗುವಷ್ಟು ದೊಡ್ಡವು. ಮಳೆಗಾಲದಲ್ಲಿ ಅಲ್ಲಿಂದ ನೀರು ಜಿನುಗುತ್ತಿತ್ತು. ಸುತ್ತ ಹಾವಸೆ, ಸಣ್ಣ ಜರೀಗಿಡ. ಅದು ಗಲೀಜಾಗಿ ಕಾಣುತ್ತದೆ ಎಂದೋ ಏನೋ, ತೂತುಗಳಿಗೂ ಸಿಮೆಂಟ್ ತುಂಬಿ ನುಣ್ಣಗೆ ಮಾಡಿಬಿಟ್ಟರು.

ಅಲ್ಲಿ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದರು. ನೀರು ಎಲ್ಲಿಂದ ಹೋಗಬೇಕು ಮೇಸ್ತ್ರಿ ಅಂತ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಂಗೊತ್ತು ಸಾರ್. ಆದ್ರೆ ನಮ್ದು ಚದರ ಮೀಟರ್ ಲೆಕ್ಕ. ತೂತು ಬಿಡಿ ಅಂತ ಎಸ್ಟಿಮೇಟಲ್ಲಿ ಇಲ್ಲ. ಬಿಟ್ರೆ ಕೆಲಸ ಪೂರ್ತಿ ಆಗಿಲ್ಲ ಅಂತಾರೆ."

ಕಚೇರಿಗೆ ಒಂದು ಅರ್ಜಿ ಕೊಟ್ಟೆ. ಸೀಲು ಹಾಕಿದ ಸ್ವೀಕೃತಿ ಸಿಕ್ಕಿತು. ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರವೂ ಬಂತು. ಆಮೇಲೆ ಮಳೆ ಬಂತು.

ಈಗ ಗೋಡೆ ಯಾಕೆ ಬಿತ್ತು ಎನ್ನುವ ವಿಚಾರಕ್ಕೆ ಬರೋಣ. ಎಂಜಿನಿಯರುಗಳು ಇದನ್ನು ಕಾಲೇಜಿನಲ್ಲೇ ಓದಿರುತ್ತಾರೆ. ಉಳಿದವರಿಗಾಗಿ ಬರೆಯುತ್ತೇನೆ. ಇಳಿಜಾರಿನಲ್ಲಿ ತೋಟ ಮಾಡಬೇಕಾದರೆ ನೆಲವನ್ನು ಹಂತ ಹಂತವಾಗಿ ಮಟ್ಟ ಮಾಡಿ, ಒಂದೊಂದು ಹಂತದ ಮಣ್ಣು ಜಾರದಂತೆ ಗೋಡೆ ಕಟ್ಟುತ್ತಾರೆ. ಈ ಗೋಡೆ ಒಣಮಣ್ಣನ್ನು ಸಲೀಸಾಗಿ ತಡೆಯುತ್ತದೆ. ಕಷ್ಟ ಬರುವುದು ನೀರಿನಿಂದ. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತಲೆಮಟ್ಟ ತುಂಬಿ ನಿಂತರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಎರಡು ಟನ್ ಬಲ ಗೋಡೆಯನ್ನು ಮುಂದಕ್ಕೆ ನೂಕುತ್ತದೆ. ಇದು ಬರೀ ನೀರಿನ ಲೆಕ್ಕ. ನೆಂದ ಮಣ್ಣಿನದು ಬೇರೆ. ಆ ನೀರು ನಿಲ್ಲಲೇಬಾರದು ಅಂತಲೇ ಹಳಬರು ಬುಡದಲ್ಲಿ ತೂತು ಬಿಟ್ಟಿದ್ದು. ಸಂದುಗಳಲ್ಲಿದ್ದ ಸುಣ್ಣದ ಗಾರೆಯೂ ಅದೇ ಕೆಲಸ ಮಾಡುತ್ತಿತ್ತು. ತೇವವನ್ನು ಹೀರಿ ಹೊರಗಿನ ಗಾಳಿಗೆ ಬಿಡುತ್ತಿತ್ತು. ನಾವು ಎರಡು ದಾರಿಯನ್ನೂ ಒಂದೇ ಬೇಸಿಗೆಯಲ್ಲಿ ಮುಚ್ಚಿದೆವು. ಗೋಡೆ ಒಂದು ಮಳೆಗಾಲ ತಡೆದುಕೊಂಡಿತು. ಎರಡನೆಯದಕ್ಕೆ ಕೈ ಚೆಲ್ಲಿತು.

ನಮ್ಮ ಕಡೆಯ ಕಲ್ಲು ಗಟ್ಟಿ, ಸಿಮೆಂಟಿನಿಂದ ಅದಕ್ಕೇನಾಗುತ್ತೆ ಅಂತ ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಇಂಗ್ಲೆಂಡಿನ ತೋಟಗಳಲ್ಲಿ ಗೋಡೆಗೆ ಬಳಸಿದ್ದು ಹೆಚ್ಚಾಗಿ ಮರಳುಗಲ್ಲು, ಸುಣ್ಣಗಲ್ಲು. ಮೆತ್ತನೆಯವು. ಅಂಥ ಕಲ್ಲಿನ ಸಂದಿಗೆ ಸಿಮೆಂಟ್ ತುಂಬಿದರೆ ತೇವ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಚಳಿಗಾಲದಲ್ಲಿ ಆ ತೇವ ಹೆಪ್ಪುಗಟ್ಟಿ ಕಲ್ಲಿನ ಮುಖವೇ ಹಕ್ಕಳೆಯಾಗಿ ಉದುರುತ್ತದೆ. ಸಿಮೆಂಟಿನ ಗೆರೆ ಮಾತ್ರ ಹಲ್ಲು ಕಿರಿದುಕೊಂಡು ಉಳಿಯುತ್ತದೆ. ಬೆಂಗಳೂರು, ಕೋಲಾರ, ತುಮಕೂರಿನ ಸುತ್ತಿನ ನಮ್ಮ ಕಲ್ಲು ಹಾಗಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು. ಸುಮಾರು 300 ಕೋಟಿ ವರ್ಷದ ಹಿಂದಿನ ಪೆನಿನ್ಸುಲಾರ್ ನೈಸ್ ಎಂಬ ಗಟ್ಟಿ ಶಿಲೆ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅದಕ್ಕೆ ಬೋರ್ಡೇ ಇದೆ. ಆ ಕಲ್ಲನ್ನು ಸಿಮೆಂಟ್ ತಿನ್ನುವುದಿಲ್ಲ, ಒಪ್ಪಿದೆ. ಆದರೆ ಗೋಡೆ ಅಂದರೆ ಬರೀ ಕಲ್ಲಲ್ಲವಲ್ಲ. ಎರಡು ಮುಖದ ನಡುವೆ ಚಕ್ಕೆ, ಮಣ್ಣು, ಸುಣ್ಣ ತುಂಬಿದ ಹೊಟ್ಟೆ ಇರುತ್ತದೆ. ನೀರು ಒಳಗೇ ಉಳಿದರೆ ಕರಗುವುದು ಆ ಹೊಟ್ಟೆ. ಹೊರಗಿನಿಂದ ಗೋಡೆ ಹೊಸದರ ಹಾಗೆ ಮಿರುಗುತ್ತ ಇರುತ್ತದೆ, ಒಳಗೆ ಟೊಳ್ಳಾಗಿರುತ್ತದೆ. ಇನ್ನು ಕರಾವಳಿಯ ಮುರಕಲ್ಲಿನ ಗೋಡೆಗಳಿಗಂತೂ ಸಿಮೆಂಟ್ ನೇರವಾಗಿಯೇ ಕೆಡುಕು. ಅದು ತೂತು ತೂತಾದ ಕಲ್ಲು. ನೀರು ಕುಡಿಯುತ್ತದೆ, ಬಿಡುತ್ತದೆ. ಬಿಡಲು ದಾರಿ ಇಲ್ಲದಿದ್ದರೆ ಪುಡಿಯಾಗುತ್ತದೆ.

ಸುಣ್ಣದ ಗಾರೆ ಅಂದ ಕೂಡಲೇ ಅದೆಲ್ಲ ಅಜ್ಜನ ಕಾಲದ್ದು, ಗಟ್ಟಿ ಇರೋಲ್ಲ ಎನ್ನುವ ಮಾತು ಬರುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದನ್ನು ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಗಾರೆಯಲ್ಲಿ. ಅದಕ್ಕೂ ಮುಂಚೆ, 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವೂ ಕಲ್ಲು ಗಾರೆಯದ್ದೇ. ಕಾವೇರಿಯನ್ನೂ ವೇದಾವತಿಯನ್ನೂ ಹಿಡಿದು ನಿಲ್ಲಿಸಿದ ಗಾರೆಗೆ ಒಂದು ತೋಟದ ಗೋಡೆ ನಿಲ್ಲಿಸುವ ತಾಕತ್ತಿಲ್ಲವೇ?

ಸುಣ್ಣದ ಗುಣವೇ ಬೇರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಡುತ್ತಾರೆ. ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ. ಉಳಿದ ಹರಳಿಗೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ಇಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಮರಳು ಬೆರೆಸಿ, ಗಾಣದಲ್ಲಿ ಅರೆದು ಗೋಡೆಗೆ ಹಾಕಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ವಾಪಸ್ ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ನಮ್ಮ ಕಡೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದೂ ಉಂಟು. ಕೂದಲೆಳೆಯಂಥ ಬಿರುಕು ಬಿಟ್ಟರೆ ಮಳೆನೀರಿಗೆ ಸ್ವಲ್ಪ ಸುಣ್ಣ ಕರಗಿ ಬಿರುಕಿನಲ್ಲೇ ಮತ್ತೆ ಕೂರುತ್ತದೆ. ಸಿಮೆಂಟಿಗೆ ಆ ಬಾಗುವ ಬುದ್ಧಿ ಇಲ್ಲ. ಗೋಡೆ ಕೂದಲಷ್ಟು ಕದಲಿದರೂ ಸಿಮೆಂಟು ಕಲ್ಲಿನಿಂದ ಬಿಟ್ಟುಕೊಂಡು ಅಂಚಿನಲ್ಲಿ ಸೀಳು ಬಿಡುತ್ತದೆ. ಆ ಸೀಳಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಇಷ್ಟೆಲ್ಲ ಗೋಡೆಗೆ ಯಾಕೆ, ತೋಟಕ್ಕೆ ಬರುವವರು ನೋಡುವುದು ಹೂವನ್ನಲ್ಲವೇ ಅಂತ ನೀವು ಕೇಳಬಹುದು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ. ವಿಕ್ಟೋರಿಯಾ ಕಾಲದ ಫಾರ್ಮಲ್ ತೋಟ ಅಂದರೆ ದಾರ ಹಿಡಿದು ಅಳತೆಯಿಟ್ಟು ಕಟ್ಟಿದ ತೋಟ. ನಡುವೆ ನೆಟ್ಟನೆಯ ದಾರಿ, ಎಡಕ್ಕಿದ್ದದ್ದು ಬಲಕ್ಕೂ, ಹಂತಗಳು, ಅಗಲವಾದ ಮೆಟ್ಟಿಲು, ಕಲ್ಲಿನ ಕಟಕಟೆ, ಅದರ ಮೇಲೆ ಹೂಜಿ. ಹೂವಿನ ಗಿಡಗಳನ್ನು ಗಾಜಿನ ಮನೆಯಲ್ಲಿ ಸಾವಿರಗಟ್ಟಲೆ ಬೆಳೆಸಿ, ಋತು ಬಂದಾಗ ತಂದು ರತ್ನಗಂಬಳಿಯ ವಿನ್ಯಾಸದಲ್ಲಿ ನೆಟ್ಟು, ಋತು ಮುಗಿದಾಗ ಕಿತ್ತು ಹಾಕುತ್ತಿದ್ದರು. ಅಂದರೆ ಹೂವು ಆ ಕಾಲದಲ್ಲೂ ಬಂದು ಹೋಗುವ ನೆಂಟನೇ. ಮರಗಳಿಗೂ ಆಯಸ್ಸು ಇದೆ. ಅಂದು ಕಟ್ಟಿದವರು ಮಾಡಿದ್ದು ಇವತ್ತಿಗೂ ಹಾಗೇ ಉಳಿದಿದ್ದರೆ ಅದು ನೆಲದ ಮಟ್ಟ, ದಾರಿ, ಮೆಟ್ಟಿಲು, ಗೋಡೆ. ಅದು ಹೋದರೆ ಉಳಿಯುವುದು ಯಾವ ಬಡಾವಣೆಯಲ್ಲೂ ಸಿಗುವ ಒಂದು ಪಾರ್ಕು.

ಇದಕ್ಕೆ ಸಾಕ್ಷಿ ಇಂಗ್ಲೆಂಡಿನಲ್ಲೇ ಇದೆ. ಡರ್ಬಿಶೈರಿನ ಚಾಟ್ಸ್‌ವರ್ತ್‌ನಲ್ಲಿ ಅಲ್ಲಿನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ 1840ರ ಹೊತ್ತಿಗೆ ಭಾರೀ ಗಾಜಿನ ಮನೆಯೊಂದನ್ನು ಕಟ್ಟಿ ಮುಗಿಸಿದ. ಮೊದಲ ಮಹಾಯುದ್ಧದ ನಂತರ ಅದನ್ನು ಸಾಕಲಾಗದೆ 1920ರಲ್ಲಿ ಕೆಡವಿದರು. ಅದರ ಕಲ್ಲಿನ ಬುನಾದಿ ಗೋಡೆಗಳು ಮಾತ್ರ ಉಳಿದವು. ಈಗ ಅವುಗಳ ನಡುವೆ 1962ರಲ್ಲಿ ನೆಟ್ಟ ಗಿಡಗಳ ಚಕ್ರವ್ಯೂಹ ಇದೆ. ಅದೇ ತೋಟದಲ್ಲಿ ಪ್ಯಾಕ್ಸ್‌ಟನ್ 1842ರಲ್ಲಿ ಹಣ್ಣಿನ ಗಿಡಗಳಿಗಾಗಿ ಒಂದು ಗೋಡೆ ಕಟ್ಟಿಸಿದ್ದ. ಅದರ ಹೊಟ್ಟೆಯೊಳಗೆ ಬಿಸಿಗಾಳಿ ಹರಿಯುವ ಕೊಳವೆಗಳು. ಹಗಲು ಬಿಸಿಲು ಕುಡಿದು ರಾತ್ರಿ ಶಾಖ ಬಿಡುವುದು ಕಲ್ಲಿನ ಗುಣ, ಅದು ಸಾಲದ ಊರಿನಲ್ಲಿ ಒಲೆಯನ್ನೂ ಸೇರಿಸಿದರು. ಆಮೇಲೆ ಅದಕ್ಕೆ ಗಾಜಿನ ಮುಚ್ಚಳ ಬಂತು. ಆ ಗೋಡೆ ಇವತ್ತಿಗೂ ನಿಂತಿದೆ.

ಇದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆ ಕಟ್ಟಿದವನು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮೇಲ್ಪಂಕ್ತಿ. ನಮ್ಮದಕ್ಕೆ 1889ರಲ್ಲಿ ಅಡಿಗಲ್ಲು ಬಿತ್ತು. ಅಡಿಗಲ್ಲು ಹಾಕಿದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಆ ಅರಮನೆಯನ್ನು ಬಿಚ್ಚಿ ಸಿಡನ್‌ಹ್ಯಾಮಿನ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ಎಬ್ಬಿಸಿ, ಅದರ ಮುಂದೆ ಹಂತ ಹಂತದ ತೋಟ ಮಾಡಿದರು. 1936ರ ನವೆಂಬರ್ 30ರ ರಾತ್ರಿ ಬೆಂಕಿ ಬಿದ್ದು ಅರಮನೆ ಪೂರ್ತಿ ಸುಟ್ಟುಹೋಯಿತು. ಗಾಜು ಕಬ್ಬಿಣ ಎಲ್ಲ ಹೋಯಿತು. ತೋಟದ ತಡೆಗೋಡೆ, ಮೆಟ್ಟಿಲು, ಕಾವಲಿಗೆ ಕೂತ ಸ್ಫಿಂಕ್ಸ್‌ಗಳು ಉಳಿದವು. ಅಲ್ಲಿ ಒಂದು ಅರಮನೆ ಇತ್ತು ಅಂತ ಇವತ್ತು ನೆಲದ ಮೇಲೆ ತೋರಿಸುವುದು ಆ ಗೋಡೆಗಳೇ. ಅವರೂ ಅದನ್ನು ಚೆನ್ನಾಗಿ ನೋಡಿಕೊಂಡರು ಅಂತೇನಿಲ್ಲ. ಅಪಾಯದಲ್ಲಿರುವ ಪರಂಪರೆಯ ಸರ್ಕಾರಿ ಪಟ್ಟಿಯಲ್ಲಿ ಆ ಹಂತಗಳ ಹೆಸರು ವರ್ಷಗಟ್ಟಲೆ ಇತ್ತು. ಆದರೆ ಅಂಥ ಒಂದು ಪಟ್ಟಿಯಾದರೂ ಅವರಲ್ಲಿ ಇದೆ. ಯಾವ ಗೋಡೆ ಬೀಳುವ ಹಾಗಿದೆ ಎಂದು ಬೀಳುವ ಮೊದಲೇ ಬರೆದಿಡುವ ಪಟ್ಟಿ.

ಇನ್ನೊಂದು ಸಂಗತಿ. ಹಳೆಯದನ್ನು ಕೆರೆದು ಹೊಸದು ಮಾಡುವ ಚಟಕ್ಕೆ ಹೆಸರಾದವರೂ ವಿಕ್ಟೋರಿಯಾ ಕಾಲದವರೇ. ಹಳೆಯ ಇಗರ್ಜಿಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು ಹಾಳುಮಾಡುತ್ತಿದ್ದಾರೆಂದು ಸಿಟ್ಟಾಗಿ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಅದರ ವಾದ ತುಂಬ ಸರಳ: ದಿನದಿನದ ಆರೈಕೆ ಮಾಡಿ, ದೊಡ್ಡ ಕಾಮಗಾರಿ ಬರದಂತೆ ನೋಡಿಕೊಳ್ಳಿ. 1981ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ರೂಪಿಸಿದ ಅಂತರರಾಷ್ಟ್ರೀಯ ಸನ್ನದು ಐತಿಹಾಸಿಕ ತೋಟವನ್ನೂ ಸ್ಮಾರಕ ಎಂದೇ ಎಣಿಸಬೇಕು ಅಂದಿದೆ. ನಮ್ಮ ರಾಜ್ಯದಲ್ಲೂ ಸರ್ಕಾರಿ ಉದ್ಯಾನಗಳ ರಕ್ಷಣೆಗೆ 1975ರಿಂದ ಒಂದು ಕಾಯ್ದೆ ಇದೆ. ಆದರೆ ನಮ್ಮಲ್ಲಿ ಉದ್ಯಾನ ಅಂದರೆ ಮರ ಮತ್ತು ಎಕರೆ. ಗೋಡೆ ಯಾರ ಲೆಕ್ಕಕ್ಕೂ ಬರುವುದಿಲ್ಲ. 2009ರಲ್ಲಿ ಮೆಟ್ರೋಗಾಗಿ ಲಾಲ್‌ಬಾಗಿನ ಕಾಂಪೌಂಡ್ ಗೋಡೆ ಒಡೆದಾಗ ಜನ ಬೀದಿಗಿಳಿದರು, ನಿಜ. ಅದು ಒಳಗಿನ ನೆಲಕ್ಕಾಗಿ, ಮರಗಳಿಗಾಗಿ. 2017ರಲ್ಲಿ ಅದೇ ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ ಹಾಲ್ ಎಂಬ ಹಳೆಯ ಕಟ್ಟಡ ನೆಲಕ್ಕುರುಳಿದಾಗ ನಾಲ್ಕು ದಿನ ಮಾತಾಡಿದೆವು. ಕಟ್ಟಡ ಬಿದ್ದರೆ ಹೀಗೆ ಸುದ್ದಿಯಾದರೂ ಆಗುತ್ತದೆ. ತೋಟದ ಗೋಡೆಗೆ ಆ ಭಾಗ್ಯವೂ ಇಲ್ಲ.

ಬ್ರಿಟಿಷರ ಕಾಲದ ಗೋಡೆಗೆ ನಾವ್ಯಾಕೆ ಕಣ್ಣೀರು ಹಾಕಬೇಕು ಎಂದು ನನ್ನ ಸ್ನೇಹಿತರೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಲಾಲ್‌ಬಾಗನ್ನೇ ನೋಡಿ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಅದು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಆಮೇಲೆ ವಿಲಿಯಂ ನ್ಯೂ, ಜಾನ್ ಕ್ಯಾಮರಾನ್, ಕ್ರುಂಬಿಗಲ್ ಹೀಗೆ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರು ಬಂದರು. ಅವರ ಹೆಸರುಗಳು ನಮಗೆ ಗೊತ್ತು. ಕ್ರುಂಬಿಗಲ್ ಹೆಸರಿನಲ್ಲಿ ರಸ್ತೆಯೂ ಇದೆ. ಇರಲಿ, ಇರಬೇಕಾದದ್ದೇ. ಆದರೆ ಆ ಕಾಲದ ತೋಟಗಳ ಗೋಡೆ ಕಟ್ಟಿದವರು ಯಾರು? ನೆಲಬಂಡೆಯ ಮೇಲೆ ಕಟ್ಟಿಗೆ ಉರಿಸಿ, ಉರಿಯನ್ನು ಗೇಣು ಗೇಣು ಮುಂದೆ ಸರಿಸುತ್ತ, ಬಂಡೆಯ ಮೇಲ್ಪದರವನ್ನು ಚಪ್ಪಡಿಯಾಗಿ ಎಬ್ಬಿಸುತ್ತಿದ್ದ ನಮ್ಮ ಕಲ್ಲುಕುಟಿಗರು. ಬೆಣೆ ಹೊಡೆದು ಸೈಜುಗಲ್ಲು ಮಾಡಿದವರು, ಗಾಡಿಯಲ್ಲಿ ಹೇರಿದವರು, ಸುಣ್ಣ ಸುಟ್ಟವರು, ಗಾರೆ ಅರೆದ ಹೆಂಗಸರು. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರ ಕೈಬರಹ ಉಳಿದಿರುವುದು ಉಳಿಯ ಗುರುತಿನಲ್ಲಿ, ಚಕ್ಕೆ ತುರುಕಿದ ರೀತಿಯಲ್ಲಿ. ಗ್ರೈಂಡರ್ ಅಳಿಸಿದ್ದು ಅದನ್ನು. ರಾಣಿಯ ಗೋಡೆ ಅಂತ ಬೇಡ, ಅವರ ಗೋಡೆ ಅಂತಲಾದರೂ ಉಳಿಸಿಕೊಳ್ಳಬಹುದು, ಅಲ್ವಾ?

ಈಗ ತಪ್ಪು ಎಲ್ಲಿದೆ ಎನ್ನುವುದಕ್ಕೆ ಬರುತ್ತೇನೆ. ಮೇಸ್ತ್ರಿಯ ತಪ್ಪಲ್ಲ. ಅವರಿಗೆ ಗೊತ್ತಿತ್ತು. ಗುತ್ತಿಗೆದಾರನನ್ನೂ ನಾನು ಪೂರ್ತಿ ದೂರುವುದಿಲ್ಲ. ಬರೆದುಕೊಟ್ಟದ್ದನ್ನು ಮಾಡಿದ. ತಪ್ಪು ಇರುವುದು ಎಸ್ಟಿಮೇಟಿನಲ್ಲಿ. ಅಲ್ಲಿ ಇರುವುದು ಇಷ್ಟು ಚದರ ಮೀಟರ್ ಸಿಮೆಂಟ್ ಪಾಯಿಂಟಿಂಗ್ (ಅಂದರೆ ಸಂದು ತುಂಬುವುದು), ಇಷ್ಟು ಚದರ ಮೀಟರ್ ಪೇಂಟಿಂಗ್. ಅಳತೆ ಪುಸ್ತಕದಲ್ಲಿ ಬರೆಯಲು ಬರುವ ಕೆಲಸಕ್ಕೆ ಮಾತ್ರ ದುಡ್ಡು. ತೂತಿನ ಕಸ ತೆಗೆದದ್ದನ್ನು ಯಾವ ಚದರ ಮೀಟರಿನಲ್ಲಿ ಅಳೆಯುತ್ತೀರಿ? ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು 2 ಎಲೆ ಇದ್ದಾಗಲೇ ಕಿತ್ತರೆ ಬಿಲ್ಲಿಗೆ ಏನೂ ಸಿಗುವುದಿಲ್ಲ. ಅದೇ ಸಸಿ ತೊಡೆಗಾತ್ರ ಬೆಳೆದು ಗೋಡೆ ಸೀಳಿದ ಮೇಲೆ ಲಕ್ಷಗಟ್ಟಲೆ ರೂಪಾಯಿಯ ಕಾಮಗಾರಿ. ಹೀಗಿರುವಾಗ ಗೋಡೆ ಚೆನ್ನಾಗಿರುವುದರಿಂದ ಯಾರಿಗೂ ಲಾಭ ಇಲ್ಲ.

ಎರಡನೆಯ ತಪ್ಪು ಕ್ಯಾಲೆಂಡರಿನದು. ಹಣ ಬಿಡುಗಡೆಯಾಗುವುದು ವರ್ಷದ ಕೊನೆಗೆ. ಮಾರ್ಚ್ 31ರೊಳಗೆ ಖರ್ಚಾಗಬೇಕು. ಸುಣ್ಣದ ಕೆಲಸಕ್ಕೆ ಇದಕ್ಕಿಂತ ಕೆಟ್ಟ ತಿಂಗಳು ಇಲ್ಲ. ಬಿರುಬಿಸಿಲಿನಲ್ಲಿ ಗಾರೆ ಬೇಗ ಒಣಗಿ ಪುಡಿಯಾಗುತ್ತದೆ. ಒದ್ದೆ ಗೋಣಿತಾಟು ಹೊದಿಸಿ ದಿನಗಟ್ಟಲೆ ನೀರು ಚಿಮುಕಿಸಬೇಕು. ಸಿಮೆಂಟಿಗೂ ನೀರು ಹಾಕಬೇಕು, ಆದರೆ ಅಷ್ಟು ರಗಳೆ ಇಲ್ಲ. ಇವತ್ತು ಮೆತ್ತಿದರೆ ನಾಳೆ ಗಟ್ಟಿ, ನಾಡಿದ್ದು ಬಿಲ್ಲು. ಹಾಗಾಗಿ ನಮ್ಮ ಗೋಡೆಗಳಿಗೆ ಸಿಮೆಂಟ್ ಬರುವುದು ಅದು ಒಳ್ಳೆಯದು ಅಂತಲ್ಲ, ಅದಕ್ಕೆ ಮಾರ್ಚ್ ತಿಂಗಳು ಒಗ್ಗುತ್ತದೆ ಅಂತ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದರಲ್ಲಿ ಹೆಚ್ಚಿನವಕ್ಕೆ ಹೊಸ ಹಣ ಬೇಡ. ಮೊದಲನೆಯದಾಗಿ, ನಿಮ್ಮ ಉದ್ಯಾನದ ತಡೆಗೋಡೆಗಳ ಬುಡ ನೋಡಿ. ಮುಚ್ಚಿದ ತೂತುಗಳಿದ್ದರೆ ಮುಂಗಾರಿಗೆ ಮುಂಚೆ ತೆರೆಸಿ. ಇದಕ್ಕೆ ಟೆಂಡರ್ ಬೇಕಿಲ್ಲ, ಉಳಿ ಸುತ್ತಿಗೆ ಹಿಡಿದ ಇಬ್ಬರು ಸಾಕು. ಉಬ್ಬಿದ ಗೋಡೆ ಇದ್ದರೆ ಅದಕ್ಕೆ ಕೈ ಹಾಕುವ ಮುನ್ನ ತಿಳಿದವರಿಗೆ ತೋರಿಸಿ. ದೊಡ್ಡ ಬೇರು ಗೋಡೆಯೊಳಗೆ ಹೋಗಿದ್ದರೆ ಎಳೆಯಬೇಡಿ, ಬೇರಿನ ಜೊತೆ ಗೋಡೆಯೂ ಬರುತ್ತದೆ. ಕಡಿದು, ಚಿಗುರಿದ ಹಾಗೆಲ್ಲ ಚಿವುಟಿ ಸಾಯಿಸಬೇಕು.

ಎಸ್ಟಿಮೇಟ್ ಬರೆಯುವವರಲ್ಲಿ ನನ್ನ ವಿನಂತಿ ಬೇರೆ. ಹಳೆಯ ಕಲ್ಲುಗೋಡೆಯ ದುರಸ್ತಿಯನ್ನು ಚದರ ಮೀಟರಿನಲ್ಲಿ ಬರೆಯಬೇಡಿ. ಇಷ್ಟು ದಿನ, ಇಷ್ಟು ಜನ ನುರಿತ ಮೇಸ್ತ್ರಿಗಳು ಅಂತ ದಿನಗೂಲಿಯ ಲೆಕ್ಕದಲ್ಲಿ ಬರೆಯಿರಿ. ಗಾರೆ ಉದುರಿದ ಸಂದಿಗೆ ಮಾತ್ರ ಸುಣ್ಣದ ಗಾರೆ, ಗಟ್ಟಿ ಇರುವ ಸಂದನ್ನು ಮುಟ್ಟಬಾರದು, ಗ್ರೈಂಡರ್ ಮತ್ತು ಪ್ರೆಷರ್ ನೀರು ಬಳಸಬಾರದು ಅಂತ ಷರತ್ತಿನಲ್ಲೇ ಸೇರಿಸಿ. ಕೆಲಸ ಮಳೆ ಕಳೆದ ಮೇಲೆ, ಅಕ್ಟೋಬರ್ ನಂತರ ಶುರುವಾಗಲಿ. ಪ್ರತಿ ಉದ್ಯಾನದ ನರ್ಸರಿಯ ಹಿಂದೆ ಒಂದು ಸುಣ್ಣದ ಗುಂಡಿ ಇರಲಿ. ಗೊಬ್ಬರದ ಗುಂಡಿಗೆ ಜಾಗ ಇದೆ, ಇದಕ್ಕೂ ಇರುತ್ತದೆ. ಸುಣ್ಣದ ಕೆಲಸ ಬಲ್ಲವರು ಈಗ ಎಲ್ಲಿದ್ದಾರೆ ಎನ್ನಬೇಡಿ. ಹಳೆಯ ದೇವಸ್ಥಾನ, ಕೋಟೆಗಳ ದುರಸ್ತಿಯಲ್ಲಿ ಅವರು ಇವತ್ತಿಗೂ ಕೆಲಸ ಮಾಡುತ್ತಿದ್ದಾರೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೋ 2018ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲವೂ ಯೂರೋಪಿನ ದೇಶಗಳ ಹೆಸರಿನಲ್ಲಿ. ನಮ್ಮ ಹೊಲದ ಬದುಗಳಲ್ಲಿ, ಕೋಟೆ ಗುಡ್ಡಗಳಲ್ಲಿ ಅದೇ ವಿದ್ಯೆ ಅನಾಥವಾಗಿ ಬಿದ್ದಿದೆ.

ಇನ್ನೊಂದು ಸಣ್ಣ ಮಾತು. ಗೋಡೆಗೆ ಡ್ರಿಲ್ ಹೊಡೆದು ಎಲ್ಇಡಿ ಸರ ಬಿಗಿಯುವುದು, ಊರಿನ ಹೆಸರಿನ ಮುಂದೆ ಕೆಂಪು ಹೃದಯ ಇಟ್ಟ ದೊಡ್ಡ ಅಕ್ಷರಗಳನ್ನು ತಲೆಚಪ್ಪಡಿಗೆ ಬೋಲ್ಟ್ ಹಾಕಿ ನಿಲ್ಲಿಸುವುದು, ಇದನ್ನು ದಯವಿಟ್ಟು ನಿಲ್ಲಿಸಿ. ಸೆಲ್ಫಿಗೆ ಜಾಗ ಬೇಕಾದರೆ ಹುಲ್ಲಿನ ಮೇಲೆ ಒಂದು ಕಬ್ಬಿಣದ ಸ್ಟ್ಯಾಂಡ್ ಇಡಿ, ಬೇಡ ಎನ್ನುವವನಲ್ಲ ನಾನು.

ನಮ್ಮ ಊರಿನ ವಿಷಯಕ್ಕೆ ಬಂದರೆ, ಬಿದ್ದ ಕಲ್ಲುಗಳು ನರ್ಸರಿಯ ಹಿಂದೆ ರಾಶಿ ಬಿದ್ದಿವೆ. ಅವನ್ನು ಹರಾಜು ಹಾಕಿ ಆ ಜಾಗದಲ್ಲಿ ಕಾಂಕ್ರೀಟ್ ಗೋಡೆ ಎಬ್ಬಿಸಿ ಮೇಲೆ ಟೈಲ್ಸ್ ಅಂಟಿಸುತ್ತಾರೆ ಎಂಬ ಸುದ್ದಿ ಓಡಾಡುತ್ತಿದೆ. ಸುಳ್ಳಿದ್ದರೆ ಒಳ್ಳೆಯದು. ನಿಜವಿದ್ದರೆ ತಡೆಯಿರಿ. ಅವೇ ಕಲ್ಲುಗಳಿಂದ ಆ ಗೋಡೆಯನ್ನು ಮತ್ತೆ ಕಟ್ಟಬಹುದು. ಯಾವ ಕಲ್ಲು ಎಲ್ಲಿತ್ತು ಎನ್ನುವುದಕ್ಕೆ ದಾಖಲೆ ಬೇಕಾದರೆ ನನ್ನ ಹತ್ತಿರ ಇದೆ. ಮಕ್ಕಳು ಬರೆದದ್ದು, ನಾನು ಬರೆದದ್ದು, ಆ ಗೋಡೆಯ ಪೆನ್ಸಿಲ್ ಚಿತ್ರಗಳು ಒಂದು ಟ್ರಂಕಿನಲ್ಲಿವೆ. ಕೆಲವು ಎಷ್ಟು ಸರಿಯಾಗಿವೆ ಎಂದರೆ ಕಲ್ಲಿಗೆ ನಂಬರ್ ಹಾಕಿಕೊಂಡು ಜೋಡಿಸಬಹುದು. ನಾನೇ ತಂದು ಕೊಡುತ್ತೇನೆ, ಜೆರಾಕ್ಸ್ ಖರ್ಚೂ ನನ್ನದೇ.

ಉಳಿದ ಗೋಡೆಯ ತೂತುಗಳನ್ನು ಮೇ ತಿಂಗಳ ಒಳಗೆ ತೆರೆಸುತ್ತೀರಾ, ಇಲ್ಲವಾ? ಇದೊಂದಕ್ಕಾದರೂ ಲಿಖಿತ ಉತ್ತರ ಕೊಡಿ. ಪರಿಶೀಲಿಸಲಾಗುವುದು ಎನ್ನುವ ಉತ್ತರ ಈಗಾಗಲೇ ನನ್ನ ಫೈಲಿನಲ್ಲಿದೆ, ಇನ್ನೊಂದು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಡ್ರಾಯಿಂಗ್ ಮೇಷ್ಟ್ರು